ನದಾಫ ಮಾಸ್ತರರ ಎರೆಹುಳಗಳು

ನದಾಫ ಮಾಸ್ತರರು ಎರೆಹುಳಗಳನ್ನು ಉಪವಾಸ ಕೆಡವುತ್ತಿದ್ದರು. ಪರೀಕ್ಷೆಗೆ ಮುಂಚೆ ಹಸಿ ಕಾಗದದ ಮೇಲೆ ಬಿಟ್ಟು, ಅವುಗಳ ಹೊಟ್ಟೆಯೊಳಗಿನ ಮಣ್ಣೆಲ್ಲ ಹೋಗುವವರೆಗೆ ಕಾಯುವರು. ಮಾಸ್ತರರ ಹುಳಗಳೂ ರೋಜಾ ಹಿಡಿದಿವೆ ಎಂದು ಗದಗ-ಬೆಟಗೇರಿಯ ನಮ್ಮ ಓಣಿಯವರು ನಗುತ್ತಿದ್ದರು. ಅವರೂ ನಗುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವರಿಗೂ ನಮಗೂ ಒಂದೇ ಹಿತ್ತಲು. ಆಳು ಉದ್ದ, ಧೈರ್ಯ ಗಿಡ್ಡ. ಕುದಿಸದ ನೀರಿಗೂ ಹೆದರುವರು, ಮಿಠಾಯಿಯ ಬಣ್ಣಕ್ಕೂ ಹೆದರುವರು.

ನಾನಾಗ ಚೊಚ್ಚಲ ಬಸುರಿ. ಮಳೆ ನಿಂತ ಮೇಲೆ ಹಿತ್ತಲಲ್ಲಿ ಎರೆಹುಳಗಳು ಹೊರಹಾಕಿದ ಮಣ್ಣಿನ ಸಣ್ಣ ಗುಪ್ಪೆಗಳ ವಾಸನೆಗೆ ಜೀವ ಎಳೆಯುತ್ತಿತ್ತು. ಕದ್ದು ತಿನ್ನುತ್ತಿದ್ದೆ. ಅತ್ತೆ ಕಂಡರೂ ಕಾಣದಂತಿದ್ದರು. ಮಣ್ಣು ತಿನ್ನದ ಬಸುರಿ ಯಾರಿದ್ದಾರೆ? ಒಂದು ದಿನ ಮಾಸ್ತರರು ನೋಡಿಬಿಟ್ಟರು. ಮೊದಲು ಬಾಯಿ ತೊಳೆದುಕೋ ಎಂದರು.

ಆ ಹಿತ್ತಲಲ್ಲಿ ಹಿಂದೆ ಯಾರೋ ಛಾಪಖಾನೆಗಳ ಸವೆದ ಅಚ್ಚುಮೊಳೆ ಕರಗಿಸಿ ಹೊಸದು ಎರಕ ಹೊಯ್ಯುತ್ತಿದ್ದರಂತೆ. ಸೀಸ, ಒಂದಿಷ್ಟು ತಾಮ್ರ ಬೆರೆತ ಬೂದಿಯೆಲ್ಲ ಅಲ್ಲೇ ಸುರಿದಿತ್ತು. ಹುಳ ಆ ಮಣ್ಣನ್ನು ನುಂಗಿ ಒಂದಿಷ್ಟು ಸೀಸವನ್ನು ಮೈಯಲ್ಲಿ ಇಟ್ಟುಕೊಳ್ಳುತ್ತದೆ, ಉಳಿದದ್ದನ್ನು ಮಣ್ಣಿನ ಜೊತೆ ಹೊರಹಾಕುತ್ತದೆ. ನಾನು ತಿಂದದ್ದು ಅದನ್ನೇ. ಸೀಸ ಹೊಟ್ಟೆಯ ಕೂಸಿನ ಬುದ್ಧಿಗೇ ಕೈ ಹಾಕುತ್ತದೆ ಎಂದು ಅವರು ತಲೆ ತಗ್ಗಿಸಿ ಹೇಳಿದರು. ಅತ್ತೆ, ಓದಿದವರ ಹುಚ್ಚು ಎಂದರು. ಡಾಕ್ಟರು ನಕ್ಕು ಟಾನಿಕ್ಕು ಬರೆದುಕೊಟ್ಟರು. ನಗದೆ ಉಳಿದವರು ನಾವಿಬ್ಬರೇ.

ಮಾಸ್ತರರು ಕುರ್ತಕೋಟಿಯ ಹೊಲದಿಂದ ಒಳ್ಳೆಯ ಮಣ್ಣು ತರಿಸಿ ಕುಂಡಕ್ಕೆ ತುಂಬಿ, ಮೈಯೊಳಗಿನ ಸೀಸ ಇಳಿಯುತ್ತದೆಯೇ ನೋಡಲು ಹಿತ್ತಲಿನ ಹುಳಗಳನ್ನು ಅದರಲ್ಲಿ ಬಿಟ್ಟರು. ಆಗಾಗ ಕೆಲವನ್ನು ಉಪವಾಸ ಕೆಡವಿ, ಸುಟ್ಟು, ಬೂದಿಯನ್ನು ಧಾರವಾಡಕ್ಕೆ ಒಯ್ದು ಪರೀಕ್ಷೆ ಮಾಡಿಸಿಕೊಂಡು ಬರುವರು. ನಾನು ಬಾಗಿಲಲ್ಲೇ ಕಾಯುತ್ತಿದ್ದೆ.

"ತಾಮ್ರ ಜಲ್ದಿ ಬಿಟ್ಟಾವು ತಂಗಿ. ಸೀಸಾ ಸಾವಕಾಶ ಇಳ್ಯಾಕ ಹತ್ತೈತಿ. ಪೂರಾ ಹೋಗಿಲ್ಲ."

"ಹುಳಾ ಬಿಡತಾವು. ನನ್ನ ಮೈ ಬಿಡತೈತೇನ್ರಿ ಅಣ್ಣಾರ?"

ಅವರು ಬಗ್ಗಿ ಕುಂಡದ ಮಣ್ಣಿಗೆ ನೀರು ಚಿಮುಕಿಸಿದರು.

"ಸುಳ್ಳ ಹೇಳಾಕ ಬಾಯಿ ಬರವಲ್ದು. ನನಗ ಗೊತ್ತಿಲ್ಲವಾ."

ಹೆಣ್ಣು ಹುಟ್ಟಿತು. ಬಂದವರೆಲ್ಲ ಬಣ್ಣ, ಮೂಗು ನೋಡಿದರು. ಮಾಸ್ತರರು ಮಾತ್ರ ಮೆಲ್ಲಗೆ ಚಪ್ಪಾಳೆ ತಟ್ಟಿ, ಕೂಸು ಕಣ್ಣು ಹೊರಳಿಸುತ್ತದೆಯೇ ಎಂದು ನೋಡಿದರು. ಕುತ್ತಿಗೆ ನಿಂತಿತೇ, ಅಂಬೆಗಾಲಿಟ್ಟಳೇ, ಮಾತು ಬಂತೇ ಎಂದು ಒಂದೊಂದಕ್ಕೂ ಬಂದು ಕೇಳುವರು. ಹೌದೆಂದರೆ, "ಇದೊಂದ ದಾಟಿದ್ವಿ ತಂಗಿ" ಎನ್ನುವರು. 'ದಾಟಿದಳು' ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಮುಂಡರಗಿಗೆ ವರ್ಗವಾದ ಮೇಲೂ ಗದಗಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದೇ ಹೋಗುತ್ತಿದ್ದರು.

ಮಗಳು ಶಾಲೆಗೆ ಸೇರಿದ ವರ್ಷ ಮುಂಡರಗಿಯಿಂದ ಖಬರ ಬಂತು: ಮಾಸ್ತರರು ಎದೆನೋವಿನಿಂದ ತೀರಿಕೊಂಡಿದ್ದರು. ಆ ಸಂಜೆಯೇ ಮಗಳು ಪಾಟಿಯ ಮೇಲೆ ಕಳೆಯುವ ಲೆಕ್ಕವನ್ನು ತಪ್ಪು ಮಾಡಿದಳು. ತಿದ್ದಿ ಕೊಟ್ಟೆ, ಮತ್ತೆ ತಪ್ಪಿದಳು. ಅವಳಪ್ಪ ನಕ್ಕರು. ಮಕ್ಕಳೆಂದರೆ ಹಾಗೇ ಎಂದರು ಅತ್ತೆ. ಇರಬಹುದು. ಆದರೆ ನನ್ನ ಜೊತೆ ಹೆದರುವವರು ಈಗ ಯಾರೂ ಉಳಿದಿರಲಿಲ್ಲ.