ಬೆನ್ನಿನ ಗೆರೆಗೆ ಕಟ್ಟಿದ ಕತೆ

ನನ್ನ ಎಡಭುಜದ ಹಿಂದೆ ಗೇಣುದ್ದದ ಗಾಯದ ಗೆರೆಯಿದೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹುಟ್ಟುವಾಗಲೇ ಒಂದು ಕಡೆ ಕಿರಿದಾಗಿತ್ತಂತೆ. ತೊಂಬತ್ತರ ದಶಕದಲ್ಲಿ, ನಾನಿನ್ನೂ ಮಗುವಾಗಿದ್ದಾಗ, ಬೆಂಗಳೂರಿನಲ್ಲಿ ಕುಯ್ದು ಸರಿಮಾಡಿದ್ದರು. ನಮ್ಮೂರು ಸುಗಟೂರಿನಲ್ಲಿ ಮಾತ್ರ ಅದು ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಬಿದ್ದು ಆದ ಗಾಯ. "ಹಾರ್ಟು ಅಂತ ಬಾಯಿಬಿಟ್ರೆ ನಿಮ್ಮಕ್ಕನ್ನ ಯಾರ್ಲಾ ಮಾಡ್ಕೊಂತಾರೆ?" ಎಂದು ಅಪ್ಪ ಕಟ್ಟಿದ ಕತೆ. ನಾನೂ ಸಾಮಾನ್ಯನಲ್ಲ, ಬೀಳುವ ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸುತ್ತಿದ್ದೆ. ವರ್ಷಕ್ಕೊಮ್ಮೆ ತೋರಿಸಿ ಎಂದು ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ಊರವರು ಸಿಕ್ಕಿ ಎಲ್ಲಿಗೆಂದು ಕೇಳುತ್ತಾರೆಂದು ಅಪ್ಪ ಅದನ್ನೂ ನಿಲ್ಲಿಸಿಬಿಟ್ಟ.

ಒಂಬತ್ತನೇ ಕ್ಲಾಸಿಗೆ ಬಂದಾಗ ಓಡಿದರೆ ಕಾಲು ಸೆಟೆಯತೊಡಗಿತು, ತಲೆ ಸಿಡಿಯತೊಡಗಿತು. ನಮ್ಮ ಪಿ.ಟಿ. ಮೇಷ್ಟ್ರು ಸ್ವಲ್ಪ ಕುಂಟುತ್ತಿದ್ದರು. ಅವರ ನಡಿಗೆಯನ್ನು ಅಣಕಿಸಿ ಇಡೀ ಶಾಲೆಯನ್ನು ನಗಿಸಿದವನು ನಾನೇ. ಹಾಗಾಗಿ ಕಾಲು ಸೆಟೆದು ನಾನು ನಿಜವಾಗಿ ಕುಂಟಿದ ದಿನ ಅವರು ನನ್ನ ಕಿವಿ ಹಿಂಡಿದರು: "ಏನ್ಲಾ, ನನ್ನ ಮುಂದೇನೇ ನನ್ನ ಆಡ್ಕೊಂತೀಯಾ? ಇನ್ನೆರಡು ರೌಂಡು ಓಡ್ಲಾ!" ಓಡಿದೆ, ಬಿದ್ದೆ. ಹುಡುಗರು ಚಪ್ಪಾಳೆ ತಟ್ಟಿದರು.

ಅಪ್ಪ ಕರೆದುಕೊಂಡು ಹೋದ ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತೋಳಿನಲ್ಲಿ ಬಿ.ಪಿ. ನೋಡಿ ಹುಬ್ಬೇರಿಸಿದರು. ತೊಡೆಸಂದಿಯಲ್ಲಿ ನಾಡಿ ಹುಡುಕಿದರು, ಸರಿಯಾಗಿ ಸಿಗಲಿಲ್ಲ. "ಬೆನ್ನಲ್ಲಿ ಇದೇನು?"

"ಚಂದ್ರಿಕೆ ಮೇಲೆ ಬಿದ್ದಿದ್ದ, ಮೇಡಂ," ಎಂದ ಅಪ್ಪ.

ಡಾಕ್ಟರ ಮುಂದೆಯೂ! ನನಗೆ ಮೈಯೆಲ್ಲ ಉರಿಯಿತು.

"ಚಂದ್ರಿಕೆ ಹೊಲಿಗೇನೂ ಹಾಕ್ತದೇನ್ರೀ?" ಎಂದರು ಆಕೆ.

ನಾಳ ಮತ್ತೆ ಕಿರಿದಾಗಿತ್ತು. ಬೆಂಗಳೂರಿನಲ್ಲಿ ಈ ಸಲ ಬೆನ್ನು ಕುಯ್ಯಲಿಲ್ಲ. ತೊಡೆಯಿಂದ ತೆಳ್ಳನೆಯ ಕೊಳವೆ ತೂರಿಸಿ, ಒಳಗೆ ಬಲೂನು ಊದಿ, ನಾಳ ಮುಚ್ಚಿಕೊಳ್ಳದಂತೆ ಜಾಲರಿಯ ಸ್ಟೆಂಟ್ ಕೂರಿಸಿದರು. ಎಚ್ಚರವಾದಾಗ ಸದಾ ತಣ್ಣಗಿರುತ್ತಿದ್ದ ಪಾದಗಳು ಬೆಚ್ಚಗಿದ್ದವು. ಖುಷಿಯಾಗಬೇಕಿತ್ತು, ಸಿಟ್ಟು ಬಂತು. ಇಷ್ಟು ಸುಲಭದಲ್ಲಿ ಸರಿಹೋಗುವುದಕ್ಕಾ ನಾನು ಮೈದಾನದಲ್ಲಿ ಮಣ್ಣು ಮುಕ್ಕಿದ್ದು? ಬೆಳೆಯುವ ಮೈ, ಸ್ಟೆಂಟನ್ನು ಮುಂದೆ ಹಿಗ್ಗಿಸಬೇಕಾಗಬಹುದು, ಆರು ತಿಂಗಳಿಗೆ ಬರಲೇಬೇಕು ಎಂದು ಹೇಳಿ ಕಳಿಸಿದರು.

ಊರಿಗೆ ಬಂದ ದಿನವೇ ಪಕ್ಕದ ಮನೆಯಾಕೆ ಒಳಗೆ ಬಂದಳು. "ಏಮಪ್ಪಾ, ಏನಾಗಿತ್ತೋ?"

"ಕಾಮಾಲೆ," ಎಂದ ಅಪ್ಪ, ನಾನು ಬಾಯಿ ತೆರೆಯುವ ಮೊದಲೇ.

"ಕಾಮಾಲೆ ಅಲ್ಲ ಅತ್ತೆ, ಹಾರ್ಟು," ಎಂದಳು ಅಕ್ಕ. ಆಮೇಲೆ ಅಪ್ಪನ ಕಡೆ ತಿರುಗಿದಳು. "ನನ್ನ ಮದುವೆಗೆ ಇವನ ಜೀವ ಕೊಡಿ ಅಂತ ನಾನ್ಯಾವತ್ತು ಕೇಳಿದ್ದೆ?"

ಅವಳು ನಡುಮನೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಆಸ್ಪತ್ರೆಗೆ ಹೋಗುವ ತಿಂಗಳನ್ನು ಮೇಲೆ ತಂದು, ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, 'ತಮ್ಮನ ಹಾರ್ಟ್ ಚೆಕಪ್' ಎಂದು ದಪ್ಪಕ್ಷರದಲ್ಲಿ ಬರೆದಳು. ಹೆಣ್ಣು ನೋಡಲು ಬರುವವರನ್ನು ನಾವು ಕೂರಿಸುತ್ತಿದ್ದುದು ಅದರ ಎದುರಿಗೇ.