ಗೆರಸೆಯಲ್ಲಿ ಬೆರೆತ ತೋಟೆಗಳು

ನಾನು ಚಿಕ್ಕವಳಿದ್ದಾಗ ಕಾರ್ಕಳದ ಹತ್ತಿರದ ನಮ್ಮ ಮನೆಯಲ್ಲಿ ಲೈಸೆನ್ಸಿನ ಜೋಡುನಳಿಗೆ ಕೋವಿ ಇತ್ತು. ಅದರ ತೋಟೆಗಳ, ಅಂದರೆ ಕಾಡತೂಸುಗಳ, ಮೈ ಕಾಗದದ್ದು. ಮಳೆಗಾಲದಲ್ಲಿ ಶೀತ ಹಿಡಿದು ಉಬ್ಬುತ್ತಿದ್ದವು. ತಲೆಯ ಮೇಲಿನ ಅಂಕಿ ಅಳಿಸಿಹೋಗುತ್ತಿತ್ತು. ಒಳಗೆ ಏನಿದೆ ಎಂದು ಹೊರಗಿನಿಂದ ತಿಳಿಯುತ್ತಿರಲಿಲ್ಲ. ಹಕ್ಕಿಗೆ ಸಾಸಿವೆಯಂಥ ಚರೆ, ಕಾಡುಹಂದಿಗೆ ಕಡಲೆಯಂಥ ಗುಂಡು. "ಹಂದಿಗೆ ಚರೆ ಹೊಡೆದರೆ ಅದು ಸಾಯುವುದಿಲ್ಲ, ನಮ್ಮ ಮೇಲೆಯೇ ಬರುತ್ತದೆ" ಎನ್ನುತ್ತಿದ್ದರು ಅಪ್ಪ.

ಆಟಿ ತಿಂಗಳ ಮಳೆ ಬಿಟ್ಟ ಒಂದು ಬೆಳಿಗ್ಗೆ ಅಪ್ಪ ಎರಡು ಡಬ್ಬಿಗಳಿಂದ ತೋಟೆ ತೆಗೆದು ಅಂಗಳದ ಎಳೆಬಿಸಿಲಿಗೆ ಬಿದಿರಿನ ಅಗಲ ಗೆರಸೆಯಲ್ಲಿ ಹರಡಿದರು. ಬಲಗಡೆ ಗುಂಡಿನವು, ಎಡಗಡೆ ಚರೆಯವು. ನನ್ನನ್ನು ಕಾವಲು ಕೂರಿಸಿದರು.

"ಎಂತ ಮಾರಾಯ್ತಿ, ಸಂಡಿಗೆ ಕಾಯುವುದಾ?" ಅಕ್ಕ ನಗಾಡಿದಳು.

ಅವಳತ್ತ ತಿರುಗಿದ್ದೇ ತಡ, ಕೋಳಿಯೊಂದು ಗೆರಸೆಗೆ ಹಾರಿತು. ತೋಟೆಗಳು ಉರುಳಿ ಬೆರೆತವು. ನಾನು ಅಂದಾಜಿನಲ್ಲಿ ಎರಡು ಪಾಲು ಮಾಡಿ ಸುಮ್ಮನೆ ಕೂತೆ.

ಅಷ್ಟರಲ್ಲಿ ಪಕ್ಕದ ಮನೆಯವರು ಓಡಿ ಬಂದರು. "ಮರಗೆಣಸಿನ ತೋಟದಲ್ಲಿ ಹಂದಿ ಉಂಟು, ದೊಡ್ಡದು. ಬೇಗ ಬನ್ನಿ!" ಅಪ್ಪ ಬಲಗಡೆಯಿಂದ ಎರಡು ತೋಟೆ ತೆಗೆದುಕೊಂಡು ಹೊರಟೇಬಿಟ್ಟರು.

ಹೇಳಿದರೆ ಬೈಗುಳ. ಹೇಳದಿದ್ದರೆ? ಅಪ್ಪ ಒಯ್ದದ್ದು ಚರೆಯೇ ಆಗಿದ್ದರೆ? ತೋಟದ ಕಡೆಯಿಂದ ನಾಯಿ ಬೊಗಳಿತು. ನಾನು ಓಡಿದೆ. ಪಾಚಿಯಲ್ಲಿ ಎರಡು ಸಲ ಜಾರಿಬಿದ್ದು ಮೊಣಕಾಲು ತರಚಿತು.

ಅಪ್ಪ ಪಾದೆಕಲ್ಲಿನ ಹಿಂದೆ ಕೋವಿ ಎತ್ತಿ ಕೂತಿದ್ದರು. ಎದುರಿಗೆ, ಇಪ್ಪತ್ತು ಮಾರು ದೂರದಲ್ಲಿ, ಹಂದಿ ಮೂತಿಯಿಂದ ನೆಲ ಅಗೆಯುತ್ತಿತ್ತು. ಅದರ ಗುರುಗುಟ್ಟುವ ಸದ್ದು, ಕೆದರಿದ ಮಣ್ಣಿನ ವಾಸನೆ ನನ್ನವರೆಗೂ ಬರುತ್ತಿತ್ತು. ಕೂಗುವಂತಿರಲಿಲ್ಲ. ತೆವಳಿ ಹೋಗಿ ಅಂಗಿ ಹಿಡಿದೆ.

"ಅಪ್ಪಾ, ತೋಟೆ ಬೆರೆತಿದೆ. ಕೋಳಿ ಹಾರಿತು."

ಅಪ್ಪ ತಿರುಗಿ ನೋಡಲಿಲ್ಲ. ಮೆಲ್ಲಗೆ ಬೆರಳು ಸಡಿಲಿಸಿದರು. ನನ್ನ ಕೈ ಹಿಡಿದು, ಹಂದಿಯ ಮೇಲಿನ ಕಣ್ಣು ತೆಗೆಯದೆ, ಹಿಂದೆ ಹಿಂದೆ ಹೆಜ್ಜೆಯಿಟ್ಟರು. ಅವರ ಅಂಗೈ ಬೆವರಿತ್ತು.

ಮನೆಗೆ ಬಂದು ಆ ಎರಡು ತೋಟೆಗಳನ್ನು ಚೂರಿಯಿಂದ ಕೊಯ್ದರು. ಒಂದರಲ್ಲಿ ಗುಂಡು. ಇನ್ನೊಂದರಿಂದ ಚರೆ ಸುರಿಯಿತು. ಮೊದಲು ಯಾವುದು ಹಾರುತ್ತಿತ್ತೋ, ಅಪ್ಪನಿಗೂ ತಿಳಿದಿರಲಿಲ್ಲ. "ಕೋಳಿ ಹಾರಿದಾಗಲೇ ಹೇಳಬೇಕಿತ್ತು ಮಗಾ" ಎಂದರು, ಅಷ್ಟೇ. ಹಂದಿ ಅರ್ಧ ತೋಟ ತಿಂದು ಹೋಯಿತು.

ಮಕ್ಕಳೇ, ಈಗ ಹಾಗೆಲ್ಲ ಹಂದಿಗೆ ಗುಂಡು ಹೊಡೆಯಲು ಕಾನೂನು ಬಿಡುವುದಿಲ್ಲ. ಆ ಕೋವಿ ಚುನಾವಣೆ ಬಂದಾಗ ಠೇವಣಿಯಾಗಿ ಪೊಲೀಸ್ ಠಾಣೆಗೆ ಹೋಗಿ ಬರುತ್ತದೆ, ಅದರ ತಿರುಗಾಟ ಅಷ್ಟೇ. ಮಣಿಪಾಲದ ಫ್ಲ್ಯಾಟಿನಲ್ಲಿ ಕೂತ ನೀವು ತಪ್ಪು ಸಂದೇಶ ಕಳಿಸಿದರೆ ಒಮ್ಮೆ ಒತ್ತಿ ಅಳಿಸಿಬಿಡುತ್ತೀರಿ. ನನ್ನ ತಪ್ಪು ತಿದ್ದಲು ನಾನು ಅಂದು ಅಪ್ಪನ ಹಿಂದೆ ಓಡಲೇಬೇಕಿತ್ತು.