ಐದು ಲಕ್ಷ ಹತ್ತು ಸಾವಿರದ ಐನೂರ ಹನ್ನೊಂದು

ಹಾಲ್ ಟಿಕೆಟ್ ಮೇಲೆ ಯಾರಿಗಾದರೂ ಪ್ರೀತಿ ಹುಟ್ಟುತ್ತದೆಯೇ? ನನಗೆ ಹುಟ್ಟಿತು. ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾಯುತ್ತಾ ಗುಬ್ಬಿಯ ಅಜ್ಜಿಮನೆಯಲ್ಲಿದ್ದೆ. ಹಜಾರದ ಈ ಗೋಡೆಯಿಂದ ಆ ಗೋಡೆಗೆ ನಾನು ತಿರುಗಿದ್ದನ್ನು ಯಾರಾದರೂ ಅಳೆದಿದ್ದರೆ, ತುಮಕೂರು, ಕುಣಿಗಲ್ ದಾಟಿ ಹುತ್ರಿದುರ್ಗ ಹತ್ತಿ ಇಳಿದಷ್ಟು ದೂರವಾಗುತ್ತಿತ್ತು.

“ಕೂತ್ಕೊಳ್ಲಾ, ನೆಲ ಸವ್ದೋಯ್ತು,” ಅನ್ನುತ್ತಿದ್ದಳು ಅಜ್ಜಿ.

ಕೂರುವುದು ಹೇಗೆ? ಗಣಿತದ ಪೇಪರಿನಲ್ಲಿ ನಾನು ಬರೆದ ವೃತ್ತ ಎಮ್ಮೆ ತುಳಿದ ಇಡ್ಲಿಯಂತಿತ್ತು. ಫೇಲಾಗುವ ಭಯಕ್ಕೆ ರಿಜಿಸ್ಟರ್ ನಂಬರನ್ನೇ ದೇವರು ಮಾಡಿಕೊಂಡೆ: 510511.

ಪರೀಕ್ಷೆಯಲ್ಲಿ ನನ್ನ ಮುಂದೆ ಕೂತಿದ್ದ ಕುಣಿಗಲ್ಲಿನ ಮಂಜನದು 510510. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು: ಈ ಮೊದಲ ಏಳು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ ಸರಿಯಾಗಿ ಅವನ ನಂಬರೇ ಬರುತ್ತದೆ! ಅಂದರೆ ಅದು ಛತ್ರದ ಊಟ, ಏಳರಲ್ಲಿ ಯಾರು ಬಂದರೂ ಪಾಲುಂಟು. ನನ್ನದು ಅದಕ್ಕಿಂತ ಒಂದು ಹೆಚ್ಚು. ಆ ಏಳರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ ಒಂದು. ಇಷ್ಟು ಗಟ್ಟಿಯಾದದ್ದು ಅವಿಭಾಜ್ಯವಲ್ಲದೆ ಇನ್ನೇನು? ಯಾರಿಗೂ ಬಗ್ಗದ ನಂಬರಿನವನು ಫೇಲಾಗುವುದುಂಟೇ? ಹಾಲಿನವನಿಗೆ ಹೇಳಿದೆ, ಅಜ್ಜಿಗೆ ಹೇಳಿದೆ, ಕೇಳಿಸಿಕೊಳ್ಳುವವರು ಮುಗಿದ ಮೇಲೆ ಎಮ್ಮೆಗೂ ಹೇಳಿದೆ.

ಮಾವನ ಮಗಳು ಸುಮತಿ, ಎಂಟನೇ ಕ್ಲಾಸಿನವಳು, ಹುಣಸೆಹಣ್ಣು ಚೀಪುತ್ತಾ ಕೇಳಿದಳು: “ಭಾವ, ಹತ್ತೊಂಬತ್ತರಿಂದ ನೋಡಿದ್ಯಾ?”

ನೋಡಿರಲಿಲ್ಲ. ಆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಮಕ್ಕಳೆಲ್ಲ ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸುವ ಪದ್ಧತಿ. ಹದಿನೇಳಾದ ಮೇಲೆ ನಾನು ಬಾಯಿ ಮಾತ್ರ ಆಡಿಸುತ್ತಿದ್ದೆ. ಗುಂಪಿನ ಗದ್ದಲದಲ್ಲಿ ಹತ್ತು ವರ್ಷದ ರಜೆಗಳು ಹಾಗೇ ಕಳೆದಿದ್ದವು. ನನ್ನ ಪ್ರಪಂಚ ಹದಿನೇಳಕ್ಕೆ ಮುಗಿಯುತ್ತಿತ್ತು.

ಸುಮತಿ ಸೀಮೆಸುಣ್ಣ ತಂದು, ನಾನು ಸವೆಸಿದ್ದ ನೆಲದ ಮೇಲೇ ಭಾಗಾಕಾರ ಶುರುಮಾಡಿದಳು. ಒಂದೊಂದೇ ಅಂಕಿ ಇಳಿಯುತ್ತಿತ್ತು, ನನ್ನ ಜೀವವೂ. “ಹತ್ತೊಂಬತ್ ಒಂಬತ್ಲಿ ನೂರಾ ಎಪ್ಪತ್ತೊಂದು. ಶೇಷ ಸೊನ್ನೆ!”

“ಹಂಗಾದ್ರೆ ನಾನು ಫೇಲಾ?”

“ನಂಬರ್ ಭಾಗ ಆಗೋದಕ್ಕೂ ನೀನ್ ಫೇಲಾಗೋದಕ್ಕೂ ಏನ್ ಸಂಬಂಧ? ಬರ್ದಿದ್ರೆ ಪಾಸಾಗ್ತೀಯ.”

“ಸುಮ್ಕಿರವ್ವ,” ಎಂದಳು ಅಜ್ಜಿ, “ಇವ್ನು ಬರ್ದಿದ್ರೆ ಹಿಂಗ್ಯಾಕೆ ತಿರುಗ್ತಿದ್ದ?”

ಮುಂದಿನ ನಾಲ್ಕು ದಿನವೂ ತಿರುಗಿದೆ. ಈ ಸಲ ಬಾಯಲ್ಲಿ ಹತ್ತೊಂಬತ್ತರ ಮಗ್ಗಿ. ದೇವರು ಕೈಕೊಟ್ಟ ಮೇಲೆ ಬಾಯಿಗೂ ಏನಾದರೂ ಕೆಲಸ ಬೇಕಲ್ಲ.

ರಿಸಲ್ಟಿನ ದಿನ ಸುಮತಿಯೂ ನನ್ನ ಜೊತೆ ತುಮಕೂರಿಗೆ ಬಂದಳು. ಶಾಲೆಯ ಬೋರ್ಡಿನ ಮುಂದೆ ನನ್ನ ಕಾಲುಗಳು ಮೊದಲ ಸಲ ಅಲ್ಲಾಡದೆ ನಿಂತವು. ಅವಳೇ ನುಗ್ಗಿ ನೋಡಿದಳು. ಕಂಡಕಂಡವರಿಗೆಲ್ಲ ಪಾಲು ಕೊಡುವ ನಂಬರಿನ ಮಂಜನಿಗೆ ಗಣಿತದಲ್ಲಿ ತೊಂಬತ್ತು. ನನಗೆ ಐವತ್ತೇಳು. ಪಾಸು!

ಅವಳು ತಿರುಗಿ ನಕ್ಕಳು. ಏನು ಹೇಳಲು ಹೊರಟಿದ್ದಾಳೆಂದು ಗೊತ್ತಾಯಿತು. ಈ ಸಲ ಬರೀ ಬಾಯಿ ಆಡಿಸಲಿಲ್ಲ. ಇಡೀ ಬೀದಿಗೆ ಕೇಳುವಂತೆ ನಾನೇ ಕೂಗಿದೆ:

“ಗೊತ್ತು ಕಣೇ! ಹತ್ತೊಂಬತ್ ಮೂರ್ಲಿ ಐವತ್ತೇಳು!”